ಮಾಸ್ತಮ್ಮನ ಗೋಡೆಗೆ ಹತ್ತಿದ ನೀಲಿ

ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ಬಸ್ಸನ್ನು ಮಾಸ್ತಮ್ಮ ಹತ್ತಿದಳೆಂದರೆ ಕಂಡಕ್ಟರ್ ಟಿಕೆಟ್ ಕೊಟ್ಟು ಬೇಗ ಹಿಂದಕ್ಕೆ ಸರಿದುಬಿಡುತ್ತಾನೆ. ಅಲ್ಲೇ ನಿಂತರೆ ಅವನ ಹೊಟ್ಟೆಯ ಮೇಲೊಂದು ಮಾತು, ಮೀಸೆಯ ಮೇಲೊಂದು ಮಾತು ಬೀಳುವುದು ಖಂಡಿತ. ಅರವತ್ತು ದಾಟಿದ ಹೆಂಗಸು, ಸೊಂಟದಲ್ಲಿ ಎಲೆಅಡಿಕೆ ಸಂಚಿ, ಯಾರನ್ನೂ ಬಿಡದ ನಾಲಿಗೆ. ಆದರೆ ಪುಂಡಿ ನಾರಿನ ಕುಂಚ ಹಿಡಿದು ಗೋಡೆಯ ಮುಂದೆ ಕೂತರೆ ಅದೇ ನಾಲಿಗೆ ತೆಪ್ಪಗಾಗುತ್ತಿತ್ತು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿಯಿಂದ ಅವಳು ಎಳೆದ ಗೆರೆಯನ್ನು ಸ್ಕೇಲು ಹಿಡಿದು ನೋಡಿದರೂ ಸೊಟ್ಟ ಕಾಣದು. ಅವಳ ದೀವರ ಜನರಲ್ಲಿ ಮದುವೆಯೆಂದರೆ ಗೋಡೆಯ ಮೇಲೆ ಹಸೆ ಚಿತ್ತಾರ ಬೇಕೇ ಬೇಕು, ಚಿತ್ತಾರಕ್ಕೆ ಮಾಸ್ತಮ್ಮ ಬೇಕೇ ಬೇಕು. ಅಂಥದೊಂದು ಕಾಲವಿತ್ತು.

ಆಮೇಲೆ ಮದುವೆಗಳು ಛತ್ರಕ್ಕೆ ಹೋದವು. ಹಸೆಯ ಜಾಗಕ್ಕೆ ಫ್ಲೆಕ್ಸ್ ಬಂತು, ಅದರಲ್ಲಿ ಮದುಮಕ್ಕಳು ಹಲ್ಲು ಬಿಟ್ಟುಕೊಂಡು ನಿಂತರು. ಮಗ ಗಣೇಶ ಹೊಸ ಮನೆ ಕಟ್ಟಿಸಿ, ಒರೆಸಿದರೆ ಹೊಳೆಯುವ ಬಣ್ಣ ಹೊಡೆಸಿ, "ಅವ್ವ, ಇದ್ರ ಮೇಲೆ ಎಂತದೂ ಬರೀಬ್ಯಾಡ ಮಾರಾಯ್ತಿ" ಎಂದು ಕೈ ಮುಗಿದ. ಇನ್ನು ಚಿತ್ತಾರ ಬರೆಯಲು ಉಳಿದದ್ದು ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿ ಮಾತ್ರ. ಬುಟ್ಟಿ ಎಷ್ಟು ದೊಡ್ಡದಿದ್ದೀತು? ಬೋಳು ಗೋಡೆ ಕಂಡರೆ ಮಾಸ್ತಮ್ಮನ ಕೈ ಕಡಿಯುತ್ತಿತ್ತು. ಸಾಯುವುದರೊಳಗೆ ಒಂದು ಗೋಡೆ ಸಿಕ್ಕಿದರೆ ಸಾಕು ಎಂದು ಅವಳು ದೇವರ ಹತ್ತಿರವೂ ಕೇಳಿದ್ದಳು, ಸ್ವಲ್ಪ ಜೋರು ಮಾಡಿಯೇ ಕೇಳಿದ್ದಳು.

ಗೋಡೆ ಸಿಕ್ಕಿದ್ದು ಮೊಮ್ಮಗಳು ಕಾವ್ಯಾಳ ಹೈಸ್ಕೂಲಿನಲ್ಲಿ. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ವಿಜ್ಞಾನದ ಟೀಚರ್ ಸುಚಿತ್ರಾ ಹಬ್ಬದ ದಿನ ಮಾಸ್ತಮ್ಮನ ಬುಟ್ಟಿಯನ್ನು ಕಂಡು ಬೆರಗಾಗಿದ್ದರು. ಹೊಸ ಪ್ರಯೋಗಾಲಯದ ಗೋಡೆಯ ಮೇಲೆ ಸಸ್ಯದ ಜೀವಕೋಶವೊಂದನ್ನು ಚಿತ್ತಾರದಲ್ಲಿ ಬರೆಸಿದರೆ ಹೇಗೆ ಎಂಬ ಯೋಚನೆ ಅವರದ್ದು. ಹೆಡ್‌ಮಾಸ್ಟರ್ ಉಮಾಮಹೇಶ್ವರ ಅರೆಮನಸ್ಸಿನಿಂದ ಒಪ್ಪಿದರು. "ಶನಿವಾರ ಉದ್ಘಾಟನೆಗೆ ಶಿಕ್ಷಣ ಇಲಾಖೆ ಸಾಹೇಬ್ರು ಬರ್ತಾರೆ. ಅವರು ಹೂಂ ಅಂದ್ರೆ ಇರ್ಲಿ. ಮುಖ ಸಿಂಡರಿಸಿದ್ರೆ ಸೋಮವಾರ ಪೇಂಟರ್ ಕರೆಸಿ ಆಯಿಲ್ ಪೇಂಟ್ ಹೊಡೆಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು."

ಮಾಸ್ತಮ್ಮನದೂ ಒಂದು ಷರತ್ತಿತ್ತು. "ಮನೆ ಒಳಗೆ ಯಾರ್ಯಾರು ಇದಾರೆ ಅಂತ ತಿಳೀದೆ ಮನೆ ಬರಿಯಕ್ಕೆ ಬರಲ್ಲ ಮೇಡಮ್ಮೋರೆ. ನಾನೂ ಪಾಠಕ್ಕೆ ಕೂರ್ತೀನಿ."

ಹಾಗೆ ಅವಳು ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಳು. ಕಾವ್ಯಾ ನಾಚಿಕೆಯಿಂದ ಪುಸ್ತಕದೊಳಗೆ ಮುಖ ಹುದುಗಿಸಿದಳು. ಟೀಚರ್ ಕೋಶಪೊರೆಯ ಬಗ್ಗೆ ಹೇಳಿದರು, ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಹೊರಗೇ ತಡೆಯುವ ಪೊರೆ.

"ನನ್ನತ್ತೆ ಹಂಗೇ ಇದ್ರು" ಎಂದಳು ಮಾಸ್ತಮ್ಮ.

ಮೈಟೊಕಾಂಡ್ರಿಯದ ಸರದಿ ಬಂತು. ತಿಂದ ಅನ್ನ ಸಕ್ಕರೆಯಾಗಿ, ಆ ಸಕ್ಕರೆ ಅಲ್ಲಿ ಆಮ್ಲಜನಕದ ಜೊತೆ ನಿಧಾನಕ್ಕೆ ಉರಿದು, ಜೀವಕೋಶಕ್ಕೆ ಬೇಕಾದ ಶಕ್ತಿ ಸಿಗುತ್ತದೆ ಎಂದರು.

"ಒಲೆ ಅನ್ನಿ. ಹೊಗೆ ಎಲ್ಲಿಗೆ ಹೋಗತ್ತೆ?"

ಇಡೀ ಕ್ಲಾಸು ನಕ್ಕಿತು, ಟೀಚರ್ ನಗಲಿಲ್ಲ. "ಒಳ್ಳೆ ಪ್ರಶ್ನೆ. ನೀವು ಈಗ ಉಸಿರು ಬಿಟ್ರಲ್ಲ, ಅದೇ ಹೊಗೆ. ಕಾರ್ಬನ್ ಡೈಆಕ್ಸೈಡ್." ಮಾಸ್ತಮ್ಮ ಮೂಗು ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ತಾನೊಂದು ಹೊಗೆಗೂಡು ಹೊತ್ತುಕೊಂಡು ತಿರುಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಕೊನೆಗೆ ಟೀಚರ್ ಒಂದು ತುತ್ತು ಅನ್ನದ ಮೇಲೆ ಕಂದು ಬಣ್ಣದ ಅಯೋಡಿನ್ ಹನಿ ಬಿಟ್ಟರು. ಅನ್ನ ನೋಡನೋಡುತ್ತಲೇ ಕಪ್ಪು ನೀಲಿಯಾಯಿತು. ಸಕ್ಕರೆಯ ಮೇಲೆ ಬಿಟ್ಟರು, ಏನೂ ಆಗಲಿಲ್ಲ. "ಪಿಷ್ಟ ಇದ್ರೆ ಮಾತ್ರ ನೀಲಿ" ಎಂದರು. ಮಾಸ್ತಮ್ಮನ ಜಗಿತ ನಿಂತಿತು. ಚಿತ್ತಾರದಲ್ಲಿ ಕೆಂಪಿದೆ, ಬಿಳಿಯಿದೆ, ಹುರಿದ ಅಕ್ಕಿಯ ಕಪ್ಪಿದೆ, ಗುರಿಗೆ ಕಾಯಿಯ ಹಳದಿಯಿದೆ. ಅವಳ ಅಜ್ಜಿಗೂ ನೀಲಿ ಸಿಕ್ಕಿರಲಿಲ್ಲ. ಅದು ಇಲ್ಲಿ ಒಂದು ಸಣ್ಣ ಬಾಟಲಿಯೊಳಗೆ ಕೂತಿದೆ!

ಸಂಜೆ ಬಾಟಲಿ ಕಾಣೆಯಾಯಿತು. ಟೀಚರ್ ಮಕ್ಕಳ ಚೀಲಗಳನ್ನೆಲ್ಲ ತಡಕಿದರು. ಎಲೆಅಡಿಕೆ ಸಂಚಿಯನ್ನು ಯಾರು ತಡಕುತ್ತಾರೆ?

ಗೋಡೆಗೆ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿಕೊಂಡು ಮಾಸ್ತಮ್ಮ ಬರೆದಳು. ಕೋಶಭಿತ್ತಿಗೆ ಹಸೆಯ ಅಂಚು, ಅದರ ಒಳಗೆ ಪೊರೆ, ಪೊರೆಯೊಳಗೆ ಹೊಗೆಗೂಡಿದ್ದ ಒಲೆಗಳು. ನಡುವೆ ಇದ್ದ ದೊಡ್ಡ ರಸದಾನಿ ನೀರಿನ ಜಾಗ ಎಂದು ಟೀಚರ್ ಹೇಳಿದ್ದರು, ಅದನ್ನು ಅಕ್ಕಿಯ ಬಿಳಿಯಿಂದ ದಪ್ಪಗೆ ತುಂಬಿದಳು. ಶುಕ್ರವಾರ ಇಳಿಹೊತ್ತಿಗೆ ಸಂಚಿಯಿಂದ ಬಾಟಲಿ ತೆಗೆದು, ಕುಂಚ ಅದ್ದಿ ಬಳಿದಳು. ಬಿಳಿಯೊಳಗಿಂದ ನೀಲಿ ಎದ್ದು ಬಂತು, ಸಿಗಂದೂರಿನ ಹಿನ್ನೀರಿನ ಹಾಗೆ. ಮಾಸ್ತಮ್ಮನಿಗೆ ಅಳು ಬಂದುಬಿಟ್ಟಿತು. ಯಾರೂ ನೋಡಲಿಲ್ಲವಾದ್ದರಿಂದ ಚೆನ್ನಾಗಿಯೇ ಅತ್ತಳು.

ಶನಿವಾರ ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಅದೇ ಗೋಡೆಗೆ ಬಿತ್ತು. ಸಾಹೇಬರು ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ನಗು ಬಾರದ ಮುಖ. ಹೆಡ್‌ಮಾಸ್ಟರ್ ಸೀರೆ ಎಳೆದರು.

ನೀಲಿ ಹೋಗಿತ್ತು. ರಸದಾನಿಯ ತುಂಬ ಹಳದಿ ಕಂದು ಕಲೆ, ಥೇಟ್ ಯಾರೋ ಎಲೆಅಡಿಕೆ ಉಗಿದ ಹಾಗೆ. ಎಲ್ಲರ ಕಣ್ಣೂ ಒಟ್ಟಿಗೆ ಮಾಸ್ತಮ್ಮನ ಕೆಂಪು ತುಟಿಯ ಕಡೆ ತಿರುಗಿದವು.

"ಮಾಸ್ತಮ್ಮ, ಗೋಡೆ ಮೇಲೆ ಉಗಿದ್ರಾ?" ಹೆಡ್‌ಮಾಸ್ಟರ ಧ್ವನಿ ಸಣ್ಣಗಾಗಿತ್ತು.

ಸಾಹೇಬರು ಇನ್ನೂ ಹತ್ತಿರ ಹೋಗಿ ಕೋಶಕೇಂದ್ರಕ್ಕೆ ಬೆರಳು ತೋರಿಸಿದರು. ಅಲ್ಲಿ ಬಾಸಿಂಗ ಕಟ್ಟಿಕೊಂಡ ಗಂಡು ಹೆಣ್ಣು ಕೂತಿದ್ದರು. "ಇದೇನಮ್ಮ? ಜೀವಕೋಶದಲ್ಲಿ ಮದುವೆ?"

ಗೋಡೆ ಕೈಬಿಟ್ಟು ಹೋಗುತ್ತಿದೆ ಎಂದು ಮಾಸ್ತಮ್ಮನಿಗೆ ತಿಳಿಯಿತು. ಆದರೂ ನಾಲಿಗೆ ಅವಳನ್ನು ಬಿಟ್ಟುಕೊಡಲಿಲ್ಲ. "ಗಿಡಕ್ಕಾದ್ರೂ ಅಪ್ಪಂದು ಅರ್ಧ, ಅವ್ವಂದು ಅರ್ಧ, ಎರಡೂ ಅಲ್ಲೇ ಕೂತಿರ್ತವೆ ಅಂತ ಮೇಡಮ್ಮೋರೇ ಪಾಠ ಮಾಡಿದಾರೆ. ಮದುವಿ ಮಾಡ್ದೆ ಹಂಗೇ ಕೂರ್ಸಕ್ಕೆ ಆಗ್ತದಾ ಸಾಹೇಬ್ರೆ? ನಾನು ಮರ್ಯಾದಸ್ಥೆ."

ಹಿಂದೆ ನಿಂತಿದ್ದ ಮಕ್ಕಳು ಕಿಸಕ್ಕೆಂದರು. ಸಾಹೇಬರ ತುಟಿ ಒಂದಿಷ್ಟು ಅಲ್ಲಾಡಿತು, ಅಷ್ಟೆ. "ಮತ್ತೆ ಈ ಕಲೆ?"

ಮಾಸ್ತಮ್ಮ ಸಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅವುಗಳ ಅಡಿಯಿಂದ ಬಾಟಲಿ. ಸುಚಿತ್ರಾ ಟೀಚರ್ ಹಣೆ ಚಚ್ಚಿಕೊಂಡರು. "ಕದ್ದಿದ್ದು ನಾನೇ. ಮಕ್ಕಳ ಚೀಲ ತಡಕಿದ್ದು ತಪ್ಪಾತು, ಅದು ನನ್ನ ಪಾಪ" ಎಂದು ಮಾಸ್ತಮ್ಮ ಮಕ್ಕಳ ಕಡೆ ಕೈ ಮುಗಿದಳು. ಆಮೇಲೆ ಕುಂಚವನ್ನು ಬಾಟಲಿಗೆ ಅದ್ದಿ ಸಾಹೇಬರ ಮುಂದೆ ಹಿಡಿದಳು. "ಕಲೆ ಎಂತದು ಅಂತ ನೀವೇ ಬಳದು ನೋಡಿ."

ಅಷ್ಟು ಮಕ್ಕಳ ಎದುರು ಹೇಗೆ ಬೇಡ ಎನ್ನುವುದು? ಸಾಹೇಬರು ಒಂದು ಗೆರೆ ಎಳೆದರು. ಗೆರೆ ಹೋದಲ್ಲೆಲ್ಲ ನೀಲಿ ಎದ್ದಿತು. "ಓ!" ಎಂದು ಮಕ್ಕಳ ಜೊತೆ ಅವರೂ ಕೂಗಿಬಿಟ್ಟರು. ಇನ್ನೊಂದು ಗೆರೆ ಎಳೆದರು, ಮತ್ತೊಂದು ಎಳೆದರು. ಭಾಷಣದ ಹೊತ್ತು ಮೀರಿದ್ದನ್ನು ನೆನಪಿಸಲು ಹೆಡ್‌ಮಾಸ್ಟರ್ ಕೆಮ್ಮಿದರು, ಯಾರೂ ಕೇಳಲಿಲ್ಲ. ರಸದಾನಿ ಪೂರ್ತಿ ತುಂಬುವಾಗ ಕುಂಚದಿಂದ ಒಂದು ಹನಿ ಜಾರಿ ಸಾಹೇಬರ ಅಂಗಿಯ ತೋಳಿನ ಮೇಲೆ ಬಿತ್ತು.

ಗಂಜಿ ಹಾಕಿದ ತೋಳು ಕಪ್ಪು ನೀಲಿಯಾಯಿತು.

ಕೋಪ ಬಂತೋ, ಗೋಡೆ ಹೋಯಿತು. ಸಾಹೇಬರು ತೋಳು ನೋಡಿದರು, ಗೋಡೆ ನೋಡಿದರು, "ಯಾಕೆ ಹೀಗಾಯ್ತು, ಹೇಳಿ ಮಕ್ಕಳೇ?" ಎಂದು ಗಟ್ಟಿಯಾಗಿ ಕೇಳಿದರು.

ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಕಾವ್ಯಾಳೇ ಕೈ ಎತ್ತಿದಳು. "ಸರ್, ನಿಮ್ಮ ಅಂಗೀಲಿ ಪಿಷ್ಟ ಇದೆ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಡುವಾಗ ಮಾಸ್ತಮ್ಮ ಬಾಗಿಲಲ್ಲಿ ಅಡ್ಡ ನಿಂತಳು. "ಸಾಹೇಬ್ರೆ, ನೀವು ಕೈಯಾರೆ ಬರೆದ ಚಿತ್ತಾರದ ಮೇಲೆ ಹೆಡ್‌ಮಾಸ್ಟ್ರು ಸೋಮವಾರ ಆಯಿಲ್ ಪೇಂಟ್ ಹೊಡೆಸ್ತಾರಂತೆ."

"ಹೊಡೆಸಿ ನೋಡಲಿ" ಎಂದರು ಸಾಹೇಬರು. ಉಮಾಮಹೇಶ್ವರ ಮಾಸ್ಟರು ಹಲ್ಲು ಕಚ್ಚಿಕೊಂಡು ನಕ್ಕರು.

ಸೋಮವಾರದ ಹೊತ್ತಿಗೆ ನೀಲಿ ಮತ್ತೆ ಹೋಗಿತ್ತು. ಬಿಸಿಲಿಗೆ ಅಯೋಡಿನ್ ಹಾರಿಹೋಗುತ್ತದೆ ಎಂದು ಸುಚಿತ್ರಾ ಟೀಚರ್ ವಿವರಿಸಿದರು. ಈಗ ಆ ಪಾಠ ಬಂದಾಗಲೆಲ್ಲ ಶಾಲೆಯಿಂದ ಮಾಸ್ತಮ್ಮನಿಗೆ ಕರೆ ಹೋಗುತ್ತದೆ. ಅವಳು ಹೊಸ ಬಿಳಿ ಹಚ್ಚುತ್ತಾಳೆ, ಮಕ್ಕಳು ನೀಲಿ ಬಳಿಯುತ್ತಾರೆ. ಕಳೆದ ಸಲ ಹೆಡ್‌ಮಾಸ್ಟರ್ ಬೇಸತ್ತು, "ಹೋಗದೆ ಇರೋ ಅಂಥ ನೀಲಿ ಅಂಗಡೀಲಿ ಸಿಗುತ್ತಲ್ಲ, ತರಿಸಿಕೊಡ್ಲಾ?" ಎಂದು ಕೇಳಿದರು.

ಮಾಸ್ತಮ್ಮ ಕುಂಚ ಕೆಳಗಿಟ್ಟು ಅವರ ಮುಖವನ್ನೇ ನೋಡಿದಳು. "ಬ್ಯಾಡ ಮಾರಾಯ್ರೆ. ಅದು ಅಲ್ಲೇ ಉಳದುಬಿಟ್ರೆ ಆಮೇಲೆ ನನ್ನನ್ನ ಯಾಕೆ ಕರೀತೀರಿ?"