ಕೊಡೆಬಟ್ಟೆಯ ಮೇಲೆ ಒಂದು ಚಿಟಿಕೆ ಪುಡಿ

ಬೆಳಗಿನ ಐದೂಮುಕ್ಕಾಲು. ಸಂಗೀತ ಮೇಳದ ಮೈದಾನದಲ್ಲಿ ಒಬ್ಬ ಹೆಂಗಸು ಮರದ ಬುಡಕ್ಕೆ ಮೊಣಕಾಲೂರಿ, ಅಲ್ಲಿ ಹಾಸಿರುವ ಕಪ್ಪು ಬಟ್ಟೆಯನ್ನು ಟಾರ್ಚ್ ಹಾಕಿ ನೋಡುತ್ತಿದ್ದಾರೆ. ಉಸಿರನ್ನೂ ಪಕ್ಕಕ್ಕೆ ತಿರುಗಿಯೇ ಬಿಡುತ್ತಾರೆ.

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸರ್. ನಿಮ್ಮ ಚಪ್ಪಲಿ ಧೂಳು ಇದರ ಮೇಲೆ ಬಿದ್ರೆ ನಂಗೆ ಗೊತ್ತಾಗೋದು ಹೇಗೆ?" ಎಂದು ಗದರುತ್ತಾರೆ. ನಾನು ಕಳ್ಳನ ಹಾಗೆ ಹಿಂದೆ ಸರಿಯುತ್ತೇನೆ.

ಈ ಬಟ್ಟೆ ಚೊಕ್ಕಟವಾಗಿದೆ. ಅದನ್ನು ಹಾಗೇ ಬಿಟ್ಟು ಮುಂದಿನ ಮರಕ್ಕೆ ಹೋಗುತ್ತಾರೆ. ದಿನವೂ ಅರವತ್ತಮೂರು ಮರ, ಅರವತ್ತಮೂರು ಬಟ್ಟೆ, ಎರಡೂವರೆ ಗಂಟೆ. ಬಟ್ಟೆಗಳೆಲ್ಲ ಹಳೇ ಕೊಡೆಗಳವು. ಇವರ ಅಣ್ಣ ಕೊಡೆ ರಿಪೇರಿ ಮಾಡುತ್ತಾರೆ, ತಂಗಿಗೆಂದು ಬಿಚ್ಚಿಟ್ಟಿರುತ್ತಾರೆ. ಮೈದಾನದವರು ಇವರನ್ನು ಕರೆಯುವುದು 'ಪೊರಕೆ ಅಕ್ಕ' ಎಂದು. ಆದರೆ ಅಕ್ಕ ಪೊರಕೆ ಮುಟ್ಟಿ ಮೂರು ವರ್ಷವಾಯಿತು.

ನಾನು ಈ ಮೇಳಕ್ಕೆ ಹನ್ನೊಂದು ವರ್ಷದಿಂದ ಬರುತ್ತಿದ್ದೇನೆ. ಹಾಡುವವರ ಗಂಟಲಿನ ಬಗ್ಗೆ ಪೇಪರಿಗೆ ಪುಟಗಟ್ಟಲೆ ಬರೆದಿದ್ದೇನೆ. ತಲೆಯ ಮೇಲಿನ ನೆರಳು ತೆಳುವಾಗುತ್ತಿದೆ ಎಂದು ಒಂದೇ ಒಂದು ಸಾಲು ಬರೆದವನಲ್ಲ. ನಾಚಿಕೆಯಾಗಬೇಕು ನನಗೆ.

ಇಲ್ಲಿ ನೂರನಲವತ್ತೆಂಟು ಮರಗಳಿದ್ದವು. ಒಂದು ವರ್ಷ ವೇದಿಕೆ ಕಟ್ಟಲು ತೊಗಟೆ ಸಮೇತ ಕಂಬಗಳನ್ನು ತರಿಸಿದರು. ಆ ತೊಗಟೆಯಲ್ಲಿ ಎಳ್ಳುಕಾಳಿನಷ್ಟು ಪುಟ್ಟದೊಂದು ದುಂಬಿ ಬಂತು. ಈ ಕಡೆಯದಲ್ಲದ ಹುಳ. ಕಾಂಡವನ್ನು ಕೊರೆದು ಒಳಗೆ ಸೇರಿ, ಜೊತೆಗೆ ತಂದ ಬೂಷ್ಟನ್ನು ಬೆಳೆಸಿ, ಮರಕ್ಕೆ ನೀರೇರದಂತೆ ಮಾಡುತ್ತದೆ. ಹೊರಗೆ ಕಾಣುವುದು ಪೆನ್ನಿನ ಮೊನೆಯಷ್ಟು ತೂತು, ಬುಡದಲ್ಲಿ ಒಂದಿಷ್ಟು ಹಳದಿ ಪುಡಿ, ಅಷ್ಟೇ.

"ಆ ಪುಡಿ ಎಲ್ಲರಿಗಿಂತ ಮೊದಲು ಕಂಡಿದ್ದು ನಂಗೇ," ಎನ್ನುತ್ತಾರೆ ಅಕ್ಕ. "ಇರುವೆ ಕೆಲಸ ಅಂದ್ಕೊಂಡೆ. ಜನ ಬಂದು ಕೂರೋ ಜಾಗ ಅಲ್ವಾ, ದಿನಾ ಗುಡಿಸಿ ಹಾಕ್ದೆ. ಎರಡು ವರ್ಷ ಗುಡಿಸಿದೀನಿ ಸರ್! ಚೊಕ್ಕಟ ಕೆಲಸದವಳು ಅಂತ ವೇದಿಕೆಗೆ ಕರೆದು ಗೋಡೆ ಗಡಿಯಾರ ಬೇರೆ ಕೊಟ್ರು. ಈಗ ಅದರಲ್ಲೇ ಟೈಮ್ ನೋಡ್ಕೊಂಡು ಏಳ್ತೀನಿ."

ಮರಗಳು ತುದಿಯಿಂದ ಒಣಗತೊಡಗಿದಾಗ ತಜ್ಞರು ಬಂದರು. ಬುಡದಲ್ಲಿ ಪುಡಿ ಬೀಳುತ್ತಿತ್ತೇ ಎಂದು ಕೇಳಿದರು. ಯಾರೂ ನೋಡಿರಲಿಲ್ಲ, ನೋಡಿದ್ದವರು ಗುಡಿಸಿದ್ದರು. ಈಗ ತೊಗಟೆ ಇರುವ ಒಂದು ಕಡ್ಡಿಯನ್ನೂ ಮೈದಾನದೊಳಕ್ಕೆ ಬಿಡುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು.

ಅಂದೇ ಅಕ್ಕ ಪೊರಕೆ ಕೆಳಗಿಟ್ಟು, ಈ ಕೆಲಸವನ್ನು ಕೇಳಿ ಪಡೆದರು. ಕಾಂಡಕ್ಕೆ ಮದ್ದು ಇಳಿಸುವುದನ್ನು ಕಲಿತರು. ಆ ಮದ್ದಿಗೆ ಬೆರಳ ತುದಿಗಳ ಚರ್ಮ ಸುಲಿದುಹೋಗಿದೆ. ಮದ್ದು ಹಾಕಿದ ಮೇಲೂ ಏಳು ದಿನ ಸತತವಾಗಿ ಬಟ್ಟೆಯ ಮೇಲೆ ಪುಡಿ ಬಿದ್ದರೆ ಆ ಮರಕ್ಕೆ ಕೆಂಪು ಬಣ್ಣ. ಬಣ್ಣ ಬಳಿದರೆ ಕಡಿಯಲೇಬೇಕು. ಬಿಟ್ಟರೆ ಬಿಸಿಲು ಏರುತ್ತಿದ್ದಂತೆ ಹುಳ ಪಕ್ಕದ ಮರಗಳಿಗೆ ಹಾರುತ್ತದೆ. ಎಂಬತ್ತೈದು ಮರಗಳಿಗೆ ಬಣ್ಣ ಬಳಿದದ್ದು ಇವರದೇ ಕೈ.

"ಉಳಿಸೋಕೆ ಅಂತ ಬಂದೆ. ಬರೀ ಸಾವಿನ ಸುದ್ದಿ ಹೇಳೋದೇ ಆಯ್ತು," ಎನ್ನುತ್ತಾರೆ.

ವೇದಿಕೆಯ ಪಕ್ಕದ ಮರವನ್ನು ಎಲ್ಲರೂ 'ದೊಡ್ಡಮ್ಮ' ಎನ್ನುತ್ತಾರೆ. ಮುನ್ನೂರು ಜನಕ್ಕೆ ನೆರಳು ಕೊಡುವ ಮರ. ಅಕ್ಕನ ಗಂಡ ಮೇಳದ ಲೈಟಿನವರಾಗಿದ್ದರು. ದೀಪದ ಸರ ಕಟ್ಟಲು ಅವರು ಹೊಡೆದ ಮೊಳೆ ಇನ್ನೂ ಆ ಕಾಂಡದಲ್ಲಿದೆ, ತೊಗಟೆ ಅದನ್ನು ಮುಕ್ಕಾಲು ನುಂಗಿದೆ. ಅವರು ತೀರಿಹೋಗಿ ಐದು ವರ್ಷ. ಅಕ್ಕ ದಿನವೂ ಆ ಮೊಳೆಯನ್ನು ಒಮ್ಮೆ ಮುಟ್ಟಿಯೇ ಬಟ್ಟೆ ನೋಡುವುದು.

ದೊಡ್ಡಮ್ಮನ ಬಟ್ಟೆಯ ಮೇಲೆ ಆರು ದಿನದಿಂದ ಪುಡಿ ಬೀಳುತ್ತಿದೆ. ಇವತ್ತು ಏಳನೆಯ ದಿನ. ಮೇಳಕ್ಕೆ ಇನ್ನು ಒಂಬತ್ತೇ ದಿನ.

ಮೈದಾನದ ಮೇಸ್ತ್ರಿ ಆಗಲೇ ಅಲ್ಲಿ ಬಂದು ನಿಂತಿದ್ದಾರೆ. ಕೆಟ್ಟ ಮನುಷ್ಯರಲ್ಲ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದೆ. "ಅಕ್ಕಾ, ಮೇಳ ಒಂದು ಮುಗೀಲಿ. ಇವತ್ತು ಒಂದಿನ ಆ ಬಟ್ಟೆ ಕೊಡವಿಬಿಡು. ಯಾರು ನೋಡ್ತಾರೆ? ಈ ಪೇಪರಿನವರೂ ಬರೆಯಲ್ಲ ಬಿಡು."

ಬರೆಯುವುದಿಲ್ಲ ಎಂದು ನಾನೂ ತಲೆಯಾಡಿಸಿದೆ. ಈಗ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಕ್ಕ ಟಾರ್ಚ್ ಹಾಕುತ್ತಾರೆ. ಕಪ್ಪು ಬಟ್ಟೆಯ ನಡುವೆ ಒಂದು ಚಿಟಿಕೆ ಹಳದಿ ಪುಡಿ. ಒಂದು ಸಲ ಜಾಡಿಸಿದರೆ ಮುಗಿಯಿತು, ಏಳು ದಿನದ ಲೆಕ್ಕ ತಪ್ಪುತ್ತದೆ, ಸದ್ಯಕ್ಕೆ ಮರ ಉಳಿಯುತ್ತದೆ. ಅಕ್ಕ ಬಟ್ಟೆಯ ಅಂಚು ಹಿಡಿಯುತ್ತಾರೆ. ಕೊಡವಿಬಿಡಲಿ ದೇವರೇ ಎಂದು ನಾನೂ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಅಕ್ಕ ಕೊಡವುವುದಿಲ್ಲ. ಪುಡಿ ಚೆಲ್ಲದಂತೆ ನಾಲ್ಕು ಮೂಲೆ ಸೇರಿಸಿ ಮಡಚಿ ಮೇಸ್ತ್ರಿಯ ಕೈಗಿಡುತ್ತಾರೆ.

"ಆಗ ಗೊತ್ತಿಲ್ದೆ ಗುಡಿಸ್ದೆ. ಈಗ ಗೊತ್ತಿದ್ದೂ ಕೊಡವಿದ್ರೆ, ಉಳಿದ ಅರವತ್ತೆರಡರ ಮುಂದೆ ಯಾವ ಮುಖ ಇಟ್ಕೊಂಡು ಕೂರ್ಲಿ ನಾನು?"

ಕೆಂಪು ಬಣ್ಣದ ಡಬ್ಬಿ ತಂದು, ಮೊಳೆಗೆ ತಾಗದಂತೆ ಸುತ್ತ ಬಳಿಯುತ್ತಾರೆ. ನೆನಪಿಗೆ ಒಂದು ತುಂಡು ಮನೆಗೆ ಕಳಿಸುತ್ತೇನೆ ಎನ್ನುತ್ತಾರೆ ಮೇಸ್ತ್ರಿ.

"ತುಂಡು ಬೇಡಪ್ಪ, ಅದರಲ್ಲೂ ಹುಳ ಇರತ್ತೆ. ಎಲ್ಲಾ ಇಲ್ಲೇ ಪುಡಿ ಮಾಡಿಸು," ಎನ್ನುತ್ತಾರೆ ಅಕ್ಕ. "ಆ ಮೊಳೆ ಮಾತ್ರ ಕಿತ್ತು ಕೊಡು."