ಆಷಾಢಕ್ಕೆ ಮುಂಚೆ ಒಂದು ಅಪ್‌ಡೇಟ್

ನಮ್ಮ ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು ಪ್ರಶ್ನೆ ಕೇಳುತ್ತಿತ್ತು. ಡಿಸೈನ್ ಸಾಫ್ಟ್‌ವೇರಿನ ಹೊಸ ವರ್ಷನ್ ಬಂದಿದೆ, ಈಗಲೇ ಹಾಕಲೋ, ಆಮೇಲೋ? ನಾನು ಕಾಫಿ ಲೋಟ ಕೆಳಗಿಡದೆಯೇ ‘ಆಮೇಲೆ’ ಒತ್ತುತ್ತಿದ್ದೆ. ಹೀಗೆ ಒತ್ತಿ ಒತ್ತಿ ವರ್ಷಗಳೇ ಉರುಳಿದವು. ಇದನ್ನು ಸೋಮಾರಿತನ ಅಂತ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೋಮಾರಿತನವಲ್ಲ ಸ್ವಾಮಿ, ಪಂಚಾಂಗ.

ಹುಣಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ನಾನು, ನನ್ನ ಅಕ್ಕ ಇಬ್ಬರೇ ನಡೆಸುತ್ತೇವೆ. ಅಕ್ಕ ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾಳೆ, ನಾನು ಹಿಂದೆ ಕೂತು ಡಿಸೈನ್ ಮಾಡುತ್ತೇನೆ. ಮದುವೆ ಕಾರ್ಡು, ನಾಮಕರಣದ ಕಾರ್ಡು, ಬೀಗರೂಟದ ಕಾರ್ಡು, ಲೀಡರುಗಳ ಹುಟ್ಟುಹಬ್ಬದ ಫ್ಲೆಕ್ಸು. ನಾನು ಕೂರುವ ಕುರ್ಚಿ ಅಕ್ಕ ಕೂತು ಸವೆಸಿದ್ದು, ಕಂಪ್ಯೂಟರು ಅಕ್ಕ ಕೆಲಸ ಕಲಿತು ನನಗೆ ಬಿಟ್ಟುಕೊಟ್ಟದ್ದು. ಚಿಕ್ಕವಳಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ.

ಹೊಸ ವರ್ಷನ್ ಹಾಕುವುದೆಂದರೆ ಬರೀ ಗುಂಡಿ ಒತ್ತುವ ಕೆಲಸವಲ್ಲ. ಹಳೇ ಫೈಲುಗಳು ಅದರಲ್ಲಿ ತೆರೆಯುತ್ತವೋ ಇಲ್ಲವೋ ನೋಡಬೇಕು. ನಿನ್ನೆವರೆಗೆ ಎಡಗಡೆ ಇದ್ದದ್ದು ಇವತ್ತು ಎಲ್ಲಿ ಹೋಗಿ ಕೂತಿದೆ ಅಂತ ಹುಡುಕಬೇಕು. ಕೈ ಪಳಗಬೇಕು. ಇದಕ್ಕೆಲ್ಲ ಪುರುಸೊತ್ತು ಬೇಕು. ಮದುವೆ ಸೀಸನ್ನಿನಲ್ಲಿ ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಬಿಡುವು ಸಿಗುವುದು ಆಷಾಢದಲ್ಲಿ, ಆಗ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆದರೆ ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದು ಅನ್ನುತ್ತಾಳೆ ಅಕ್ಕ. ಸರಿ, ಪಿತೃಪಕ್ಷದಲ್ಲಿ ಮಾಡೋಣವೇ ಅಂತ ಕೇಳಿದೆ. ನನಗೇನೋ ಬುದ್ಧಿ ಕೆಟ್ಟಿದೆ ಅನ್ನುವ ಹಾಗೆ ನೋಡಿದಳು. ಧನುರ್ಮಾಸ ಅಂದೆ. “ಶೂನ್ಯ ಮಾಸ ಕಣೆ ಅದು, ಬುಡು” ಅಂದಳು. ಉಳಿದದ್ದು ಆಯುಧಪೂಜೆ. ಆವತ್ತು ಕಂಪ್ಯೂಟರಿಗೆ ಕುಂಕುಮ ಇಟ್ಟು, ಮೌಸಿಗೆ ಸೇವಂತಿಗೆ ಮುಡಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತೇವೆ. ಪೂಜೆಗಿಟ್ಟ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಒಟ್ಟಿನಲ್ಲಿ ಒಳ್ಳೇ ದಿನ ಇದ್ದಾಗ ಬಿಡುವಿಲ್ಲ, ಬಿಡುವಿದ್ದಾಗ ದಿನ ಒಳ್ಳೇದಲ್ಲ. ಈ ಲೆಕ್ಕದಲ್ಲಿ ನಾವು ಹಳೇ ವರ್ಷನ್ನಿನಲ್ಲೇ ಮುದುಕಿಯರಾಗುತ್ತಿದ್ದೆವು.

ಮೈಸೂರಿನಲ್ಲಿ ನಮ್ಮ ಫ್ಲೆಕ್ಸ್ ಪ್ರಿಂಟ್ ಮಾಡಿಕೊಡುವವರು ಕಳಿಸುತ್ತಿದ್ದ ಫೈಲುಗಳು ನಮ್ಮಲ್ಲಿ ತೆರೆಯುವುದನ್ನೇ ನಿಲ್ಲಿಸಿದಾಗ ನನ್ನ ತಾಳ್ಮೆ ಮುಗಿಯಿತು. ಪ್ರತಿ ಸಲವೂ ಫೋನ್ ಮಾಡಿ “ಹಳೇದಕ್ಕೆ ಸೇವ್ ಮಾಡಿ ಕಳ್ಸಿ ಸಾರ್” ಅಂತ ಅಂಗಲಾಚುವುದು ನನ್ನಿಂದಾಗದು. ಜ್ಯೇಷ್ಠ ಮುಗಿಯುತ್ತಾ ಬಂದಿತ್ತು. ನಾನೇ ಒಂದು ದಾರಿ ಹುಡುಕಿದೆ.

“ಅಕ್ಕ, ಆಷಾಢದಲ್ಲಿ ಮನೆಗೆ ಪಾಯ ತೋಡಲ್ಲ. ಆದ್ರೆ ಮುಂಚೆನೇ ಗುದ್ದಲಿ ಪೂಜೆ ಮಾಡಿದ್ರೆ ಆಷಾಢದಲ್ಲಿ ಗೋಡೆ ಏಳಿಸ್ಬೋದು ತಾನೆ?”

ಅಕ್ಕ ಗೋಡೆಯ ಕ್ಯಾಲೆಂಡರ್ ಮುಂದೆ ಬಹಳ ಹೊತ್ತು ನಿಂತಳು. “ಶುಕ್ರವಾರ ಬೆಳಿಗ್ಗೆ ಒಳ್ಳೇದಿದೆ” ಅಂದಳು. ಶುಕ್ರವಾರ ಊದುಬತ್ತಿ ಹಚ್ಚಿ ತೆಂಗಿನಕಾಯಿ ಒಡೆದು ‘ಈಗಲೇ’ ಒತ್ತಿದೆವು. ಕಂಪ್ಯೂಟರಿನಲ್ಲಿ ಜಾಗವಿಲ್ಲದೆ ಹಳೇ ವರ್ಷನ್ನನ್ನು ತೆಗೆದು ಹಾಕಿದೆ. ಇನ್ನೇನು ಆಷಾಢ ಬರುತ್ತದೆ, ಕೂತು ನಿಧಾನಕ್ಕೆ ಕಲಿಯೋಣ ಅಂತ ಕಾಲು ಚಾಚಿದ್ದೇ ಬಂತು.

ಮಾರನೇ ದಿನವೇ ಕಟ್ಟೆಮಳಲವಾಡಿಯಿಂದ ಹೊಗೆಸೊಪ್ಪು ಬೆಳೆಯುವ ರೈತರೊಬ್ಬರು ಬಂದರು. ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ಮದುವೆ ಕಾರ್ಡು ತೆಗೆದರು. ಅಂಚಿನಲ್ಲಿ ಅರಿಸಿನ ಹಾಗೇ ಇತ್ತು.

“ನಮ್ಮ ದೊಡ್ಡವ್ಳುದು ಕಣವ್ವ, ನಿಮ್ಮಲ್ಲೇ ಮಾಡ್ಸಿದ್ದು. ಶ್ರಾವಣದಲ್ಲಿ ಚಿಕ್ಕವ್ಳ ಮದ್ವೆ. ಅವ್ಳಿಗೂ ಇದೇ ಆಗ್ಬೇಕು. ಯೆಸ್ರು, ತಾರೀಕು ಬುಟ್ರೆ ಒಂದ್ ಗೆರೆನೂ ಎಚ್ಚುಕಮ್ಮಿ ಆಗ್ಬಾರ್ದು.”

ಈಗ ಬೇರೆ ಬೇರೆ ಥರ ಬಂದಿವೆ, ತೋರಿಸಲಾ ಅಂತ ಅಕ್ಕ ಕೇಳಿದಳು.

“ಬ್ಯಾಡ ಕಣವ್ವ. ನಾಳೆ ದಿನ ಎರಡೂ ಎದ್ರುಗಿಟ್ಕಂಡು ನೋಡ್ದಾಗ, ಅಪ್ಪ ಅಕ್ಕಂಗೊಂದು ಮಾಡ್ದ, ನಂಗೊಂದು ಮಾಡ್ದ ಅಂತ ಆ ಮಗುಗೆ ಅನ್ನಿಸ್ಬಾರ್ದು. ಇಬ್ರೂ ಒಂದೇ ನಂಗೆ.”

ಆಷಾಢ ಹುಟ್ಟುವ ಮೊದಲೇ ಮೊದಲ ಕಾರ್ಡನ್ನು ಮನೆದೇವರ ಮುಂದಿಡಬೇಕು ಅಂತಲೂ ಹೇಳಿದರು. ಅಮಾವಾಸ್ಯೆ ಹತ್ತಿರದಲ್ಲೇ ಇತ್ತು. ಅದಕ್ಕೇನು, ಹಳೇ ಫೈಲ್ ತೆಗೆದು ಹೆಸರು ಬದಲಾಯಿಸಿದರಾಯಿತು ಅಂತ ನಾನು ಧಾರಾಳವಾಗಿ ತಲೆಯಾಡಿಸಿದೆ.

ಅವರು ಹೋದ ಮೇಲೆ ಫೈಲ್ ತೆರೆದೆ. ಗಣಪತಿ ಮೂಲೆಗೆ ಜಾರಿದ್ದ. ಬಾಳೆಕಂದು ಮಧ್ಯಕ್ಕೆ ಬಂದಿತ್ತು. ಅರಿಸಿನದ ಬಣ್ಣ ಪಾಚಿಯ ಬಣ್ಣವಾಗಿತ್ತು. ಅಕ್ಷರಗಳೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಹಳೇ ವರ್ಷನ್ನಿನ ಸಿ.ಡಿ.ಯನ್ನು ಅಟ್ಟದಿಂದ ಹುಡುಕಿ ತೆಗೆದೆ. ಅದರ ಮೇಲೆ ಯಾವ ಕಾಲದಲ್ಲೋ ಎಣ್ಣೆ ಡಬ್ಬ ಇಟ್ಟಿದ್ದ ಗುರುತು ಉಂಗುರದ ಹಾಗೆ ಕೂತಿತ್ತು. ಅದು ಓಡಲೇ ಇಲ್ಲ.

“ನಾನು ಅದಕ್ಕೇ ಯೋಳ್ದೆ” ಅಂದಳು ಅಕ್ಕ.

“ಏನ್ ಯೋಳ್ದೆ? ಶುಕ್ರವಾರ ಒಳ್ಳೇದಿದೆ ಅಂತ ತಾನೆ ಯೋಳಿದ್ದು?” ಅಂತ ನಾನೂ ಬಿಡಲಿಲ್ಲ.

ಬೇರೆ ದಾರಿ ಇರಲಿಲ್ಲ. ಕಾರ್ಡನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ಗೆರೆಯಾಗಿ ಮತ್ತೆ ಬರೆದೆ. ಬಾಳೆ ಎಲೆಯ ಒಂದೊಂದು ಸೀಳನ್ನೂ ತಿದ್ದಿದೆ. ಅರಿಸಿನದ ಬಣ್ಣ ಹೊಂದಲೇ ಇಲ್ಲ, ಪ್ರಿಂಟ್ ತೆಗೆದು ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಅಕ್ಕ ಮಧ್ಯಾಹ್ನ ಉಪ್ಪಿಟ್ಟು ತಂದು ಕೀಬೋರ್ಡ್ ಪಕ್ಕ ಇಟ್ಟಳು, ಅದು ಆರಿ ಕಲ್ಲಾಯಿತು. ಹೊಸ ವರ್ಷನ್ನಿಗೆ ನಾನು ಹಾಕಿದ ಶಾಪ ಯಾವ ಪಂಚಾಂಗದಲ್ಲೂ ಇಲ್ಲ. ಆದರೂ ಮುಗಿಸಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಹಳೇದು, ಯಾವುದು ಹೊಸದು ಹೇಳುವುದು ಕಷ್ಟವಾಗಿತ್ತು. ನನಗೆ ಬಹಳ ಹೆಮ್ಮೆಯಾಯಿತು.

ಮರುದಿನ ಪ್ರೂಫ್ ನೋಡಲು ಅವರು ಮಗಳ ಸ್ಕೂಟರಿನ ಹಿಂದೆ ಕೂತು ಬಂದರು. ಮದುವಣಗಿತ್ತಿ ಆಕೆಯೇ. ರಾವಂದೂರಿನಲ್ಲಿ ಟೀಚರಂತೆ. ಅಪ್ಪ ಪ್ರೂಫನ್ನೂ ಹಳೇ ಕಾರ್ಡನ್ನೂ ಹಿಡಿದು ಒಂದೊಂದೇ ಗೆರೆ ಹೋಲಿಸಿದರು. ಮುಖ ಅರಳಿತು. ಹುಡುಗಿ ನನ್ನ ಕಡೆ ತಿರುಗಿದಳು.

“ಇದನ್ನೇ ಮಾಡ್ಬೇಕಾ ಅಕ್ಕ? ಬೇರೆ ಯಾವ್ದೂ ಇಲ್ವಾ?”

“ಯಾಕವ್ವ? ನಿಮ್ಮಕ್ಕನ್ದೇ ಅಲ್ವಾ ಇದು?” ಅಂದರು ಅಪ್ಪ.

“ಅದಕ್ಕೇ ಅಪ್ಪ. ಅಕ್ಕನ ಲಂಗ ಹಾಕ್ಕೊಂಡೆ, ಅಕ್ಕನ ಪುಸ್ತಕದಲ್ಲೇ ಓದ್ದೆ, ಅಕ್ಕನ ಸೈಕಲ್ ತುಳ್ದೆ. ಬೇಜಾರಿಲ್ಲ. ಕಾರ್ಡಾದ್ರೂ ನಂದು ಅಂತ ಇರ್ಲಿ.”

“ಇಬ್ರುಗೂ ಸಮ ಇರ್ಲಿ ಅಂತ ಕಣವ್ವ ನಾನು...”

“ಅಕ್ಕಂಗೆ ಹೊಸದಾಗಿ ಮಾಡ್ಸಿದ್ದೆ ಅಲ್ವಾ? ನಂಗೂ ಹೊಸದಾಗಿ ಮಾಡ್ಸು. ಆಗ ಸಮ ಆಗುತ್ತೆ.”

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು. ಒಂದು ದಿನದ ಕೆಲಸ ನೀರಲ್ಲಿ ಹೋಮವಾಯಿತು, ಅದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಹುಡುಗಿ ಹೇಳಿದ ಪಟ್ಟಿಯಲ್ಲಿ ಸೈಕಲ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನನ್ನದೂ ಆಗಿತ್ತು. ನಮ್ಮ ಮನೆಯಲ್ಲಿ ಸೈಕಲ್ ಇರಲಿಲ್ಲ, ಅಷ್ಟೆ.

“ಬಾಮ್ಮ, ಇಲ್ಲಿ ಕೂತ್ಕೊ” ಅಂತ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಖಾಲಿ ಪುಟ ತೆರೆದೆ. ಹಳೇ ಫೈಲನ್ನು ಚಿಂದಿ ಮಾಡಿದ ಅದೇ ವರ್ಷನ್, ಹೊಸದನ್ನು ಬರೆಯಲು ಕೂತರೆ ಬೆಣ್ಣೆಯ ಹಾಗೆ ಓಡಿತು. ಆಕೆ ಹೊಂಗೆ ಹೂವು ಬೇಕೆಂದಳು. ತನ್ನ ಶಾಲೆಯ ಮುಂದೆ ಹೊಂಗೆ ಮರವಿದೆಯಂತೆ. ಮದುವೆ ಕಾರ್ಡಿಗೆ ಹೊಂಗೆ ಹೂವು ಹಾಕಿದ್ದು ನಾನು ಅದೇ ಮೊದಲು. ಪಕ್ಕದ ಹೋಟೆಲಿನ ಟೀ ಬಂದು ಮುಗಿಯುವುದರೊಳಗೆ ಕಾರ್ಡಿಗೊಂದು ರೂಪ ಬಂದಿತ್ತು.

ಪ್ರಿಂಟ್ ತೆಗೆದು ಕೊಟ್ಟೆ, ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಳೇ ಕಾರ್ಡಿದ್ದ ಪ್ಲಾಸ್ಟಿಕ್ ಕವರಿನೊಳಕ್ಕೆ ಅದನ್ನೂ ಸೇರಿಸಿದರು. “ಎರಡೂ ಒಂದೇ ಕವರಲ್ಲಿರ್ಲಿ ಬುಡವ್ವ” ಅಂದರು. ಅಮಾವಾಸ್ಯೆಗೆ ಮುಂಚೆ ಅವರ ಕಾರ್ಡು ಮನೆದೇವರ ಮುಂದೆ ಹೋಯಿತು.

ಆವತ್ತು ಅವರ ಸ್ಕೂಟರ್ ಹೊರಟ ಮೇಲೆ ಅಕ್ಕ ಬಹಳ ಹೊತ್ತು ಸ್ಯಾಂಪಲ್ ಕಾರ್ಡುಗಳನ್ನು ಸುಮ್ಮನೆ ಜೋಡಿಸುತ್ತಿದ್ದಳು. ಆಮೇಲೆ ನನ್ನ ಮುಖ ನೋಡದೆಯೇ ಕೇಳಿದಳು.

“ನೀನ್ಯಾಕೆ ಯಾವತ್ತೂ ಯೋಳ್ಲಿಲ್ಲ?”

“ಏನು?”

“ಲಂಗದ ವಿಷ್ಯ.”

“ನೀನು ಕೇಳಿದ್ಯಾ?” ಅಂದೆ.

ಅವಳು ಅಂದು ಮಧ್ಯಾಹ್ನ ಊಟದ ಡಬ್ಬಿಯಲ್ಲಿ ತನ್ನ ಪಾಲಿನ ಹಪ್ಪಳವನ್ನೂ ನನ್ನ ಕಡೆಗೇ ತಳ್ಳಿದಳು.

ಆಷಾಢ ಬಂತು. ಅಂಗಡಿ ಖಾಲಿ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಅದೇ ಹಳೇ ಪ್ರಶ್ನೆ ಎದ್ದು ನಿಂತಿತ್ತು. ಇನ್ನೂ ಹೊಸದೊಂದು ಬಂದಿದೆ, ಈಗಲೇ ಹಾಕಲೋ, ಆಮೇಲೋ? ಅಭ್ಯಾಸಬಲದಿಂದ ನನ್ನ ಬೆರಳು ‘ಆಮೇಲೆ’ ಕಡೆಗೇ ಹೋಯಿತು. ಹಿಂದೆ ಅಕ್ಕ ನಿಂತಿದ್ದಳು.

“ಈಗ್ಲೇ ಒತ್ತು” ಅಂದಳು.

“ಆಷಾಢ ಕಣಕ್ಕ.”

“ಗೊತ್ತು. ಒತ್ತು.”