ಅಕ್ಕನ ಮನಿಗೆ ನಾ ಹಾಕಿದ ಸಹಿ

ನಮ್ಮ ಮನ್ಯಾಗ ಗಂಡಸಾಗಿ ಹುಟ್ಟೂದಂದ್ರ ಲಗ್ನದಾಗ ಎರಡನೇ ಪಂಕ್ತಿಗೆ ಕುಂತಂಗ. ಊಟ ಸಿಗತೈತಿ, ಕರದು ಕುಂಡ್ರಿಸಾವ್ರು ಯಾರೂ ಇಲ್ಲ.

ಗಲಗಲಿ ಸಮೀಪ ಹೊಳಿ ದಂಡಿಗೆ ನಮ್ಮೂರು. ಮನಿ ಆಯೀದು. ಆಯಿ ಅಂದ್ರ ನಮ್ಮವ್ವನ ಅವ್ವ. ಆಕಿಗೆ ಅದನ್ನ ಆಕಿ ಅವ್ವ ಕೊಟ್ಟಿದ್ಲು, ಆಕಿಗೆ ಆಕಿ ಅವ್ವ. ಗಂಡಸರೆಲ್ಲಾ ಹೊರಗಿನಿಂದ ಬಂದ ಅಳಿಯಂದ್ರು. ನಮ್ಮಜ್ಜ ಮನೀ ಅಳಿಯ, ನಮ್ಮಪ್ಪ ಮನೀ ಅಳಿಯ. ಅಪ್ಪ ಬಂದು ಇಪ್ಪತ್ತೈದು ವರ್ಷ ಆಗಿದ್ರೂ ಹೊಸ್ತಿಲಾ ದಾಟೂ ಮುಂದ ಒಮ್ಮೆ ಕೆಮ್ಮಿ ಒಳಗ ಬರ್ತಿದ್ದ. ಗಂಡು ಹುಟ್ಟಿದ್ರ ಮೀಸಿ ಬರೂತನಾ ಸಾಕಿ, ಎಲ್ಲೆರೆ ಹೆಣ್ಣಿನ ಮನಿ ನೋಡಿ ದಾಟಸ್ತಿದ್ರು. ನನ್ನ ಹಣೇಬಾರಾನೂ ಅದ. ಅವ್ವ ನಾ ಸಣ್ಣಾಂವ ಇದ್ದಾಗ ತೀರಿಕೊಂಡ್ಲು. ಹಂಗಾಗಿ ಆಯಿ ಆದ ಮ್ಯಾಲ ಮನಿ ಅಕ್ಕಂದು. ಇದಕ್ಕ ಕಾಗದಿಲ್ಲ, ಪತ್ರ ಇಲ್ಲ. ಊರಿಗೆಲ್ಲಾ ಗೊತ್ತಿತ್ತು, ಅಷ್ಟ.

ಅಕ್ಕಗ ಬನಹಟ್ಟಿಯಿಂದ ಮಗ್ಗದ ಮನೀ ಹುಡುಗನ್ನ ತಂದ್ರು. ಅಕ್ಕನ ಗಂಡ, ಅಂದ್ರ ನಮ್ಮ ಮಾವ, ಒಂದು ಟ್ರಂಕ್ ಹಿಡಕೊಂಡು ಬಂದಾಗ ಅವನ ಕಣ್ಣಾಗ ನೀರಿತ್ತು. ಅಪ್ಪ ಅವನ ಹೆಗಲಿನ ಮ್ಯಾಲ ಕೈ ಇಟ್ಟು, "ಮದ್ಲ ಎರಡು ವರ್ಷ ಹಿಂಗ, ಆಮ್ಯಾಲ ರೊಟ್ಟಿ ರುಚಿ ಹತ್ತತೈತಿ" ಅಂದ.

ನಾ ಆಗ ಜಮಖಂಡಿ ಕಾಲೇಜಿನಾಗ ಬಿ.ಎ. ಓದಾಕತ್ತಿದ್ದೆ. ಓದಾಕತ್ತಿದ್ದೆ ಅನ್ನೂದು ದೊಡ್ಡ ಮಾತು, ಬಸ್ಸಿನಾಗ ಹೋಗಿ ಬರ್ತಿದ್ದೆ. ಒಂದಿನಾ ಮಾಸ್ತರು ಮೇಘಾಲಯದಾಗ ಮನಿ ಕಡೇ ಮಗಳಿಗೆ ಹೋಗತೈತಿ, ತುಳುನಾಡಿನಾಗ ಆಸ್ತಿ ಅಕ್ಕನ ಮಕ್ಕಳಿಗೆ ಹೋಗ್ತಿತ್ತು ಅಂತ ಹೇಳಿದ್ರು. ಇಡೀ ಕ್ಲಾಸ್ ಬಾಯಿ ತಗದು ಕೇಳ್ತು. ನಾ ಒಬ್ಬನ ನಿದ್ದಿ ಹೊಡದೆ. ಯಾಕಂದ್ರ ನಮ್ಮನೀದು ನಮಗ ಹೇಳಾಕತ್ತಿದ್ರು.

ಆದ್ರೂ ಮನಿಗೆ ಬಂದು ಆಯಿ ಮುಂದ ಪಂಡಿತಕಿ ಬಿಟ್ಟೆ. "ಆಯಿ, ನಮ್ಮಂಥಾ ಮಂದಿ ಜಗತ್ತಿನಾಗ ಭಾಳ ಕಡೆ ಅದಾರಂತ!"

ಆಯಿ ಜ್ವಾಳಾ ಕೇರಾಕತ್ತಾಕಿ ತಲಿ ಎತ್ತಲಿಲ್ಲ. "ಅಲ್ಲಿ ಗಂಡಸ್ರು ಏನ್ ಮಾಡ್ತಾರೋ?"

"ನನ್ನಂಗ, ಬೇ. ಉಂಡು ಅಡ್ಡಾಡ್ತಾರ."

"ಹಂಗಾರ ಅವೂ ದಂಡಕ್ಕ ಬಿಡು" ಅಂದ್ಲು.

ಅಷ್ಟೊತ್ತಿಗೆ ಊರು ಡ್ಯಾಮಿನ ಹಿನ್ನೀರಿನಾಗ ಮುಳಗತೈತಿ ಅನ್ನೂದು ಗಟ್ಟಿ ಆಗಿತ್ತು. ಮುಳಗಿದ ಮನಿಗೆ ಬದಲಿ, ಹೊಸ ಊರಾಗ ಒಂದು ಜಾಗ ಕೊಡ್ತಾರಂತ ಮನಿ ಮನಿ ಬರಕೊಳ್ಳಾಕ ಬರೂವ್ರಿದ್ರು. ದಸರಾ ಮುಂದಿತ್ತು. ಆಯಿ, ಅಕ್ಕ ಇಬ್ರೂ ಕೌದಿ ಹೊತಗೊಂಡು ಒಗ್ಯಾಕ ಹೊಳಿಗೆ ಹೊಂಟ್ರು. ಹೋಗೂ ಮುಂದ ಆಯಿ, "ಬರಕೊಳ್ಳಾವ್ರು ಬಂದ್ರ ನಾ ಬರೂತನಾ ಕುಂಡ್ರಸು. ಚಾ ಕೊಡು, ಬಾಯಿ ಬಿಡಬ್ಯಾಡ" ಅಂದಿದ್ಲು. ಚಾ ಕೊಟ್ಟೆ.

ಬಂದ ಗುಮಾಸ್ತ ದಫ್ತರ ಬಿಚ್ಚಿ, "ಮನೀ ಯಜಮಾನ್ರ ಯಾರ್ರಿ?" ಅಂದ.

ಅಪ್ಪಗ ಕೆಂಡ ತುಳದಂಗಾತು. "ನಾ ಅಲ್ರಿ! ನಾ ಅಳಿಯ. ನನ್ನ ಹೆಸರು ಬರೀಬ್ಯಾಡ್ರಿ, ಅದು ಛಲೋ ಕಾಣೂದಿಲ್ಲ." ನಮ್ಮ ಮಾವ ಅಂತೂ ಅದಕೂ ಮದ್ಲ ಹಿತ್ತಲಕ್ಕ ಓಡಿದ್ದ. ಬರೂ ಜಾಗಾ ಬ್ಯಾಡ ಅಂತ ಓಡೂ ಗಂಡಸರನ್ನ ಆ ಗುಮಾಸ್ತ ಅಲ್ಲೀತನಾ ನೋಡಿರಲಿಲ್ಲ ಅಂತ ಕಾಣತೈತಿ. ನನ್ನ ಕಡೆ ತಿರುಗಿದ.

"ಆಯೀದು, ಆಮ್ಯಾಲ ಅಕ್ಕಂದು" ಅಂದೆ ನಾ. ಇಷ್ಟಕ್ಕ ನಿಂದ್ರಿಸಬೇಕಿತ್ತು.

"ಮುದುಕೀ ಹೆಸರು ಹಾಕಿ ನಾಳೆ ಆಕಿ ಹ್ವಾದ್ರ ಮತ್ತ ತ್ರಾಸ. ಲಗ್ನ ಆದ ಹುಡುಗಿ ಹೆಸರು ಹಾಕಿದ್ರ ಸಾಹೇಬ್ರು ನೂರು ಪ್ರಶ್ನಿ ಕೇಳ್ತಾರ. ನೀವ ಕಲ್ತಾವ್ರದೀರಿ, ಮನೀ ಮಗ. ನಿಮ್ಮ ಹೆಸರ ಹಾಕೂಣಲ್ರೀ?"

ಖರೆ ಹೇಳ್ತೀನಿ, ನಮ್ಮ ವಂಶದಾಗ ಒಂದು ಗಂಡಸಿಗೆ ಯಾರೂ ಹಿಂಗ 'ರೀ' ಹಚ್ಚಿ ಕೇಳಿದ್ದಿಲ್ಲ. ನಾನೋ, ಮೂರು ವರ್ಷದಿಂದ ನೋಟಬುಕ್ಕಿನ ಹಿಂದಿನ ಹಾಳಿ ತುಂಬ ಸಹಿ ಕಲ್ತು ಇಟ್ಟಿದ್ದೆ. ಸುರುವಿಗೆ ಒಂದು ಸುತ್ತು, ಕಡೀಕ ಕುದರಿ ಬಾಲದಂಥಾ ಗೆರಿ, ಕೆಳಗ ಎರಡು ಚುಕ್ಕಿ. ಹಾಕಾಕ ಎಲ್ಲೂ ಜಾಗಾ ಸಿಕ್ಕಿದ್ದಿಲ್ಲ. ಅಪ್ಪನ ಕಡೆ ನೋಡಿದೆ. "ನೀ ಈ ಮನೀ ಹೊಟ್ಟ್ಯಾಗ ಹುಟ್ಟಿದಾಂವ, ನಿಂದು ನಡೀತೈತೇನೋಪಾ" ಅಂದ. ಹಾಕಿದೆ. ಬಾಲ ಪಕ್ಕದ ಮನಿ ಖಾನೇತನಾ ಹೋತು.

ಆಯಿ ಹಸಿ ಕೌದಿ ಹೊತಗೊಂಡು ಬಂದಾಗ ಎದಿ ಉಬ್ಬಿಸಿ ಹೇಳಿದೆ. ಆಕಿ ಕೌದಿ ಕೆಳಗ ಇಳಿಸಿದ್ಲು. "ಕಾಗದದಾಗ ಯಾರ ಇರ್ಲಿ ಬಿಡು, ಮನಿ ಅಂತೂ ನನ್ನ ಮೊಮ್ಮಗಳದು" ಅಂದ್ಲು. ಅಕ್ಕ ಕೌದಿ ಹಿಂಡಾಕತ್ತಿದ್ಲು. ಒಂದು ತುದಿ ನನ್ನ ಕೈಯಾಗ ಕೊಟ್ಟು, "ಹಿಡಿಯೋ, ಯಜಮಾನ" ಅಂತ ನಕ್ಕಳು.

ಮುಂದ ಊರು ಬಿಟ್ವಿ. ಹೊಸ ಊರಾಗ ಗೂಟ ಹೊಡದ ಜಾಗಾದ ಮ್ಯಾಲ ಎರಡು ಖೋಲಿ ಎದ್ದೂವು. ಹಕ್ಕುಪತ್ರ ಬಂತು. ಓಣಿ ಮಂದಿ ಎಲ್ಲಾ ಹೊಸಬ್ರು, ಬ್ಯಾರೆ ಬ್ಯಾರೆ ಊರಾವ್ರು. ಅವರಿಗೆ ನಮ್ಮ ಪದ್ಧತಿ ಏನು ಗೊತ್ತು? ಇದು ಯಾರ ಮನಿ ಅಂದ್ರ ನನ್ನ ಹೆಸರು ಹೇಳ್ತಿದ್ರು. ಒಂದಿನಾ ಚಾದಂಗಡ್ಯಾಗ ಯಾವನೋ ನಮ್ಮ ಮಾವಗ, "ಏನಪಾ, ಹೆಂಡತಿ ತಮ್ಮನ ಮನ್ಯಾಗ ಬಿದ್ದಿ?" ಅಂದನಂತ.

ಮಾವ ಮನಿಗೆ ಬಂದಾಂವ ಸೀದಾ ಟ್ರಂಕ್ ಎಳದ. ನಾ ಚಾಷ್ಟಿ ಮಾಡಿ ನಗಸಾಕ ನೋಡಿದೆ.

"ನಗಬ್ಯಾಡೋ" ಅಂದ. "ಹೆಂಡತಿ ಮನ್ಯಾಗ ಇರಾಕ ನಾ ಒಪ್ಪಿ ಬಂದಿದ್ದೆ. ಅದರಾಗ ನಾಚಿಕಿಲ್ಲ, ನಿಮ್ಮಪ್ಪನೂ ಇದ್ದ. ನಿನ್ನ ಮನ್ಯಾಗ ಹೆಂಗ ಇರ್ಲಿ? ನಾಳೆ ನಿನ್ನ ಹೆಂಡತಿ ಬಂದು ನನ್ನ ತಾಟು ನೋಡಿ ರೊಟ್ಟಿ ಹಾಕತಾಳ."

ಅಕ್ಕ ಆಗ ಐದು ತಿಂಗಳ ಬಸರಿ, ಗಂಡನ ಹಿಂದ ಆಕಿನೂ ಹೊಂಟ್ಲು. ಆಯಿ ತಡೀಲಿಲ್ಲ, ತಡ್ಯಾಕ ಆಕಿ ಹಂತೇಕ ಏನು ಉಳದಿತ್ತು? ಅಪ್ಪ ಬಸ್ ಸ್ಟ್ಯಾಂಡಿನತನಾ ಟ್ರಂಕ್ ಹೊತಗೊಂಡು ಹ್ವಾದ.

ಜಾಗಾ ಅಕ್ಕನ ಹೆಸರಿಗೆ ಮಾಡಸಾಕ ನಾ ಬೀಳಗಿ ಕಚೇರಿಗೆ ಎಷ್ಟು ಸಲ ಅಲದೆ ಅಂದ್ರ ಅಲ್ಲೀ ನಾಯಿ ಸೈತ ಬೊಗಳೂದು ಬಿಟ್ವು. ಕಡೀಕ ಒಬ್ಬ ಗುಮಾಸ್ತ ಹೇಳಿದ, "ಕೊಟ್ಟ ಜಾಗಾ ಇಷ್ಟು ಲಗೂ ಯಾರಿಗೂ ಬರದು ಕೊಡಾಕ ಬರೂದಿಲ್ಲ. ಅಲ್ಲೋ ಹುಚ್ಚ, ಅಕ್ಕಂದು ಕಸಗೊಳ್ಳಾವ್ರನ್ನ ನೋಡೇನಿ, ತನ್ನದು ಅಕ್ಕಗ ಕೊಡ್ತೀನಿ ಅನ್ನಾಂವನ್ನ ಇವತ್ತ ನೋಡಿದ್ದು."

"ನಂದಲ್ರೀ ಅದು" ಅಂದೆ. ದಫ್ತರ ತಿರುಗಿಸಿ ನನ್ನ ಸಹಿ ತೋರಿಸಿದ.

ಬನಹಟ್ಟಿಗೆ ಹ್ವಾದೆ. ಮಗ್ಗದ ಸಪ್ಪಳದಾಗ ಅಕ್ಕ ನೆಲದ ಮ್ಯಾಲ ಕುಂತು ಕಂಡಿಕಿಗೆ ನೂಲು ಸುತ್ತಾಕತ್ತಿದ್ಲು. ನನ್ನ ನೋಡಿ ಎದ್ದಾಕಿ ಒಲಿ ಕಡೆ ಹೋಗಲಿಲ್ಲ. ಮದ್ಲ ಒಳಗಿನ ಬಾಗಿಲಕ್ಕ ನಿಂತು, "ಅತ್ತೀರೀ, ತಮ್ಮ ಬಂದಾನ. ಚಾ ಇಡ್ಲೇನ್ರಿ?" ಅಂದ್ಲು. ಒಳಗಿಂದ ಉತ್ತರ ಬರೂತನಾ ಅಲ್ಲೇ ನಿಂತಿದ್ಲು. ನಮ್ಮನ್ಯಾಗ ಆಕಿ ಒಲಿ ಹಚ್ಚಾಕ ಯಾರನ್ನೂ ಕೇಳಿದಾಕಿ ಅಲ್ಲ.

"ಅಕ್ಕಾ, ನಡಿ. ನಿನ್ನ ಮನಿಗೆ ನಡಿ" ಅಂದೆ.

"ಅಲ್ಲೂ ಕೇಳೇ ಇರಬೇಕಲ್ಲೋ" ಅಂದ್ಲು. ಸಿಟ್ಟಿರಲಿಲ್ಲ. "ತಮ್ಮನ್ನ ಕೇಳೂದಕಿಂತ ಅತ್ತೀನ್ನ ಕೇಳೂದು ಛಲೋ. ಎಲ್ಲಾರೂ ಕೇಳ್ತಾರ."

ಚಾ ಕುಡದು ಬಂದೆ.

ಊರಿಗೆ ಬಂದಾಗ ಆಯಿ ಕಟ್ಟಿ ಮ್ಯಾಲ, ಮನೀ ಯಜಮಾನತಿ ಕುಂಡ್ರೂ ನಡುವಿನ ಜಾಗಾದಾಗ ಕುಂತಿದ್ಲು. ನಾ ಒಬ್ಬನ ಬಂದದ್ದು ನೋಡಿದ್ಲು. ಅಕ್ಕನ ಸುದ್ದಿ ಕೇಳಲಿಲ್ಲ.

"ನೀ ಲಗ್ನಾ ಮಾಡ್ಕೋ" ಅಂದ್ಲು. "ಮನಿ ಅಂದ ಮ್ಯಾಲ ಒಂದು ಹೆಣ್ಮಗಳು ಬೇಕು. ಯಾರದರೆ ಮನೀ ಮಗಳನ್ನ ಕರಕೊಂಡು ಬಾ."

ನಮ್ಮ ಮನಿಗೆ ಅಲ್ಲೀತನಾ ಸೊಸಿ ಅಂತ ಯಾರೂ ಬಂದಿದ್ದಿಲ್ಲ. ಆ ಮಾತು ಆಯಿ ಬಾಯಾಗಿಂದ ಬಂತು. ಆಯಿ ಮೆಲ್ಲಗ ಸರದು ನನಗ ಕಟ್ಟಿ ಮ್ಯಾಲ ನಡುವಿನ ಜಾಗಾ ಬಿಟ್ಟುಕೊಟ್ಲು.